ಚಿಕಿತ್ಸೆ ಮುಗಿಯಿತು, ಆರೈಕೆ ಮುಗಿದಿಲ್ಲ

ಮೆದುಳಿನ ಗೆಡ್ಡೆಯ ಶಸ್ತ್ರಚಿಕಿತ್ಸೆ, ವಿಕಿರಣ ಚಿಕಿತ್ಸೆ ಮುಗಿದು ರೋಗಿ ಮನೆಗೆ ಮರಳಿದಾಗ ಎಲ್ಲರ ಬಾಯಲ್ಲೂ ಅಲ್‌ಹಮ್ದುಲಿಲ್ಲಾಹ್. ಗಾಯ ಮಾಯುತ್ತದೆ, ಕೂದಲೂ ಬರುತ್ತದೆ. ಆದರೆ ಕೆಲವು ತಿಂಗಳ ಬಳಿಕ ಅದೇ ಮನೆಯಲ್ಲಿ ಬೇರೆ ಮಾತು ಕೇಳಿಸುತ್ತದೆ: “ಇನ್ನೂ ಎಷ್ಟು ಮಲಗುವುದು? ಈಗ ತಾನೇ ಹೇಳಿದ್ದು ಮರೆತುಹೋಯಿತೇ? ಯಾಕಿಷ್ಟು ಸಿಟ್ಟು?”

ಸಹೋದರ ಸಹೋದರಿಯರೇ, ಇದು ಸೋಮಾರಿತನವಲ್ಲ. ವಿಕಿರಣದ ಸುಸ್ತು ತಿಂಗಳುಗಟ್ಟಲೆ ಉಳಿಯಬಹುದು. ಕೆಲವರಲ್ಲಿ ನೆನಪಿನ ಶಕ್ತಿ ಕುಗ್ಗುವುದು, ಹಾರ್ಮೋನು ಕಡಿಮೆಯಾಗುವುದು ವರ್ಷಗಳ ನಂತರ ಕಾಣಿಸುತ್ತದೆ. ಫಿಟ್ಸ್ ತಡೆಯುವ ಕೆಲವು ಮಾತ್ರೆಗಳಿಂದಲೂ ಸಿಡುಕು ಬರುತ್ತದೆ. ಇವನ್ನೆಲ್ಲ ಬರೆದಿಟ್ಟುಕೊಂಡು ವೈದ್ಯರಿಗೆ ತಿಳಿಸಿದರೆ ಪರಿಹಾರ ಹುಡುಕಬಹುದು.

‘ಈಗ ಚೆನ್ನಾಗಿದ್ದೇನೆ’ ಎಂದು ಎಂಆರ್‌ಐ ತಪ್ಪಿಸಬಾರದು. ಗೆಡ್ಡೆ ಯಾವ ಲಕ್ಷಣವನ್ನೂ ತೋರಿಸದೆ ಮತ್ತೆ ಬೆಳೆಯಬಹುದು. ವೇಗವಾಗಿ ಬೆಳೆಯುವ ಗೆಡ್ಡೆಗೆ ಸಾಮಾನ್ಯವಾಗಿ ಆರಂಭದಲ್ಲಿ 2–4 ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡುತ್ತಾರೆ. ನಿಧಾನವಾಗಿ ಬೆಳೆಯುವುದಕ್ಕೆ 6 ತಿಂಗಳು ಅಥವಾ ವರ್ಷಕ್ಕೊಮ್ಮೆ. ಹಳೆಯ ಸ್ಕ್ಯಾನ್‌ಗಳನ್ನು ಜೋಪಾನವಾಗಿಟ್ಟು ಜೊತೆಗೆ ಒಯ್ಯಿರಿ. ವಿಕಿರಣದಿಂದಾದ ಬದಲಾವಣೆಯೂ ಗೆಡ್ಡೆಯಂತೆಯೇ ಕಾಣುವುದುಂಟು. ಹೋಲಿಸಿ ನೋಡಿದರೆ ವ್ಯತ್ಯಾಸ ಗುರುತಿಸಲು ಸಹಾಯವಾಗುತ್ತದೆ.

ಫಿಟ್ಸ್ ಬಂದರೆ ಜಿನ್ನ್ ಬಾಧೆ ಎಂದು ಅಲೆದಾಡಬೇಡಿ. ಕೈಗೆ ಕಬ್ಬಿಣ ಕೊಡಬೇಡಿ, ಬಾಯಿಗೆ ಏನನ್ನೂ ಹಾಕಬೇಡಿ. ಒಂದು ಮಗ್ಗುಲಿಗೆ ಮಲಗಿಸಿ, ಗಡಿಯಾರ ನೋಡಿ. 5 ನಿಮಿಷ ದಾಟಿದರೆ ಅಥವಾ ಪ್ರಜ್ಞೆ ಬರುವ ಮೊದಲೇ ಮತ್ತೆ ಬಂದರೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ವೈದ್ಯರು ಒಪ್ಪುವವರೆಗೆ ಬೈಕ್ ಓಡಿಸುವುದು ಬೇಡ. ಮಸೀದಿಯ ಕೊಳದಲ್ಲಿ ಒಬ್ಬರೇ ವುಝೂ ಮಾಡುವುದೂ ಬೇಡ. ದುಆ ಮಾಡೋಣ, ಮಾತ್ರೆಯನ್ನೂ ಬಿಡದಿರೋಣ.

ರಮಝಾನ್‌ನಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಮಾತ್ರೆ ತಪ್ಪಿದರೆ, ಸಹ್ರಿಗಾಗಿ ನಿದ್ದೆಗೆಟ್ಟರೆ ಫಿಟ್ಸ್ ಮರುಕಳಿಸಬಹುದು. ಸ್ಟೀರಾಯ್ಡ್ ಮಾತ್ರೆಯನ್ನು ಹಠಾತ್ತನೆ ನಿಲ್ಲಿಸುವುದು ಪ್ರಾಣಕ್ಕೇ ಅಪಾಯ. ಆದ್ದರಿಂದ ಶಾಬಾನ್‌ನಲ್ಲೇ ವೈದ್ಯರನ್ನು ಕಂಡು, ಉಪವಾಸ ಹಿಡಿಯಬಹುದೇ, ಮಾತ್ರೆಯ ಸಮಯ ಬದಲಿಸಬಹುದೇ ಎಂದು ಕೇಳಿ. ರೋಗಿಗೆ ಅಲ್ಲಾಹನೇ ವಿನಾಯಿತಿ ನೀಡಿದ್ದಾನೆ. ಕಝಾ, ಫಿದ್ಯಾದ ವಿಷಯ ಉಸ್ತಾದರಲ್ಲಿ ವಿಚಾರಿಸಿ. ಬಗ್ಗಿದರೆ ತಲೆ ಸುತ್ತುವವರು ಕುರ್ಚಿಯಲ್ಲಿ ಕುಳಿತು ನಮಾಝ್ ಮಾಡಬಹುದು. ಅದಕ್ಕೆ ಯಾರೂ ಸಂಕೋಚಪಡಬೇಕಿಲ್ಲ.

ರೋಗಿಯನ್ನು ಸಂದರ್ಶಿಸುವುದು ಸುನ್ನತ್. ಆಪರೇಷನ್ ಆದ ವಾರ ಮನೆ ತುಂಬ ಜನ ಬರುತ್ತಾರೆ. ಮೂರನೇ ವರ್ಷದ ಸ್ಕ್ಯಾನ್‌ಗೆ ಜೊತೆಗೆ ಹೋಗುವವರು ಯಾರು? ನಿಮ್ಮ ಜಮಾಅತಿನಲ್ಲಿ ಅಂಥವರೊಬ್ಬರಿದ್ದರೆ, ಈ ಜುಮಾ ಬಳಿಕ ಅವರ ಮನೆಗೆ ಹೋಗಿ, ಮುಂದಿನ ಸ್ಕ್ಯಾನ್ ಯಾವತ್ತು ಎಂದು ಕೇಳಿ.