ಜಪಾನಿನ ಹಳೆಯ ಹೋಟೆಲು: ಕೋಣೆ ಚಿಕ್ಕದಾದರೂ ಎಚ್ಚರ ದೊಡ್ಡದಿರಲಿ

ಕಚೇರಿ ಕೆಲಸದ ಮೇಲೆ ಜಪಾನಿಗೆ ತೆರಳುವವರ ದಿನಭತ್ಯೆಗೆ ಸಾಮಾನ್ಯವಾಗಿ ಎಟಕುವುದು 'ಬಿಸಿನೆಸ್ ಹೋಟೆಲ್'. ರೈಲು ನಿಲ್ದಾಣದ ಸಮೀಪ, ಹನ್ನೆರಡು ಚದರ ಮೀಟರಿನ ಆಸುಪಾಸಿನ ಕೋಣೆ, ಕಿರಿದಾದ ಮಂಚ, ಗೋಡೆಗೆ ಅಂಟಿದ ಮೇಜು. ಹೋಟೆಲು ಹಳೆಯದಾದರೆ ಮಾಸಿದ ಕಾರ್ಪೆಟ್ಟು, ಸಿಗರೇಟಿನ ವಾಸನೆಯೂ ಜತೆಗೂಡುತ್ತವೆ.

ಅಲ್ಲಿನ ಪುಟ್ಟ ಪ್ಲಾಸ್ಟಿಕ್ ಸ್ನಾನಗೃಹಕ್ಕೂ ಒಂದು ಇತಿಹಾಸವಿದೆ. 1964ರ ಟೋಕಿಯೊ ಒಲಿಂಪಿಕ್ಸ್‌ಗೆ ಮುನ್ನ ನ್ಯೂ ಒಟಾನಿ ಹೋಟೆಲಿನ ಸಾವಿರಕ್ಕೂ ಹೆಚ್ಚು ಕೋಣೆಗಳನ್ನು ತ್ವರಿತವಾಗಿ ಮುಗಿಸಬೇಕಿತ್ತು. ಅದಕ್ಕಾಗಿ ಟೋಟೊ ಸಂಸ್ಥೆ ಕಾರ್ಖಾನೆಯಲ್ಲೇ ಸಿದ್ಧಪಡಿಸಿದ 'ಯುನಿಟ್ ಬಾತ್' ಬಳಿಕ ಅಗ್ಗದ ಹೋಟೆಲುಗಳಿಗೂ ಹರಡಿತು.

ಇವೆಲ್ಲ ಸಹಿಸಬಹುದಾದ ಅನನುಕೂಲಗಳು. ಹಳೆಯ ಕಟ್ಟಡದಲ್ಲಿ ನಿಜವಾಗಿ ಗಮನಿಸಬೇಕಾದದ್ದು ಅಗ್ನಿಸುರಕ್ಷೆ. 1982ರ ಫೆಬ್ರವರಿ 8ರಂದು ಟೋಕಿಯೊದ ಹೋಟೆಲ್ ನ್ಯೂ ಜಪಾನ್‌ನಲ್ಲಿ ಅತಿಥಿಯೊಬ್ಬರು ಹಾಸಿಗೆಯಲ್ಲಿ ಸೇದಿದ ಸಿಗರೇಟಿನಿಂದ ಬೆಂಕಿ ಹೊತ್ತಿ 33 ಮಂದಿ ಅಸುನೀಗಿದರು. ಕಟ್ಟಡದ ಬಹುಭಾಗದಲ್ಲಿ ಸ್ಪ್ರಿಂಕ್ಲರ್ ಇರಲಿಲ್ಲ. ಮಾಲೀಕರಿಗೆ ಜೈಲು ಶಿಕ್ಷೆಯಾಯಿತು.

ಇದಕ್ಕೂ ಮುನ್ನ, 1980ರಲ್ಲಿ ಕವಾಜಿಯ ಹೋಟೆಲೊಂದರಲ್ಲಿ 45 ಮಂದಿ ಬೆಂಕಿಗೆ ಬಲಿಯಾಗಿದ್ದರು. ಆ ದುರಂತದ ನಂತರ, ಸುರಕ್ಷಾ ತಪಾಸಣೆಯಲ್ಲಿ ತೇರ್ಗಡೆಯಾದ ಹೋಟೆಲುಗಳಿಗೆ ಗುರುತು ಫಲಕ ನೀಡುವ ಪದ್ಧತಿ ಬಂದಿತು. 2003ರಲ್ಲಿ ಅದನ್ನು ಕೈಬಿಡಲಾಯಿತು. 2012ರಲ್ಲಿ ಫುಕುಯಾಮಾದ ಹಳೆಯ ಹೋಟೆಲಿನಲ್ಲಿ ಏಳು ಮಂದಿ ಸತ್ತ ಮೇಲೆ, 2014ರಲ್ಲಿ ಪದ್ಧತಿ ಮರಳಿತು. ಮೂರು ಅಥವಾ ಹೆಚ್ಚು ಅಂತಸ್ತಿನ, 30ಕ್ಕಿಂತ ಕಡಿಮೆಯಲ್ಲದ ಸಾಮರ್ಥ್ಯದ ಹೋಟೆಲುಗಳಿಗೆ ಇದು ಅನ್ವಯ. ಬೆಳ್ಳಿ ಬಣ್ಣದ ಫಲಕಕ್ಕೆ ಒಂದು ವರ್ಷ, ಬಂಗಾರದ ಬಣ್ಣದ್ದಕ್ಕೆ ಮೂರು ವರ್ಷ ಮಾನ್ಯತೆ. ಹೋಟೆಲು ತಾನಾಗಿ ಅರ್ಜಿ ಹಾಕಿದರಷ್ಟೇ ಫಲಕ ದೊರೆಯುವುದರಿಂದ, ಅದು ಕಾಣದಿದ್ದ ಮಾತ್ರಕ್ಕೆ ಹೋಟೆಲು ಅಪಾಯಕಾರಿ ಎಂದಲ್ಲ. ಇದ್ದರೆ ಭರವಸೆ ಹೆಚ್ಚು.

ಧೂಮಪಾನ ನಿರ್ಬಂಧ ಕಾನೂನು 2020ರ ಏಪ್ರಿಲ್‌ನಿಂದ ಪೂರ್ಣ ಜಾರಿಯಾದರೂ ಅತಿಥಿಗಳ ಕೋಣೆಗಳಿಗೆ ವಿನಾಯಿತಿ ಇದೆ. ಆದ್ದರಿಂದ ಕಾಯ್ದಿರಿಸುವಾಗಲೇ ಧೂಮಪಾನರಹಿತ ಕೋಣೆ ಕೇಳುವುದು ಲೇಸು. ಅಲ್ಲಿನ ವಿದ್ಯುತ್ 100 ವೋಲ್ಟ್. ಚಪ್ಪಟೆ ಕಡ್ಡಿಗಳ ಪ್ಲಗ್ಗಿಗೆ ಹೊಂದುವ ಅಡಾಪ್ಟರ್ ಅಗತ್ಯ.

ಕೋಣೆ ಸೇರಿದೊಡನೆ ಬಾಗಿಲ ಹಿಂದಿನ ನಕ್ಷೆ ನೋಡಿ, ತುರ್ತು ಮೆಟ್ಟಿಲಿನವರೆಗೆ ಒಮ್ಮೆ ನಡೆದು, ನಡುವಿನ ಬಾಗಿಲುಗಳನ್ನು ಎಣಿಸಿಕೊಳ್ಳಬೇಕು. ಹೊಗೆ ಕವಿದಾಗ ಕಣ್ಣು ಕಾಣದು. ಗೋಡೆ ಹಿಡಿದು, ಬಗ್ಗಿ ಸಾಗುವವನಿಗೆ ಆ ಎಣಿಕೆಯೇ ದಾರಿ. ಲಿಫ್ಟ್ ಬಳಸಬಾರದು. ಅಗ್ನಿಶಾಮಕ ದಳದ ಸಂಖ್ಯೆ 119. ಎರಡು ನಿಮಿಷದ ಈ ನಡಿಗೆಗೆ ದಿನಭತ್ಯೆಯಿಂದ ಒಂದು ಯೆನ್ ಕೂಡ ಖರ್ಚಾಗದು.