ಎರೆ ಭೂಮಿಯಲ್ಲಿ ಮನೆ ಕಟ್ಟಿಸ್ತೀರಾ? ಮೊದಲು ಮಣ್ಣು ನೋಡಿ

ಜೋಳ, ಕಡಲೆ, ಹತ್ತಿಗೆ ನಮ್ಮ ನವಲಗುಂದ ಕಡೆಯ ಎರೆ ಮಣ್ಣು ಬಂಗಾರ. ಮನೆಗೆ ಮಾತ್ರ ಅದರಷ್ಟು ಕಾಟ ಕೊಡುವ ಮಣ್ಣು ಇನ್ನೊಂದಿಲ್ಲ. ನಮ್ಮ ಕಾಕಾನ ಮನೆಯನ್ನೇ ನೋಡಿ. ಕಟ್ಟಿಸಿದ ಎರಡನೇ ವರ್ಷಕ್ಕೇ ಕಿಟಕಿ ಮೂಲೆಗಳಿಂದ ಓರೆಯಾಗಿ ಬಿರುಕು. ಮಳೆಗಾಲದಲ್ಲಿ ಅಡುಗೆಮನೆ ಬಾಗಿಲು ಹಾಕೋಕೇ ಬರಲ್ಲ. ದೀಪಾವಳಿಗೆ ಸಿಮೆಂಟ್ ಮೆತ್ತಿ ಬಣ್ಣ ಹೊಡೆಸಿದರೆ ಬೇಸಿಗೆಗೆ ಮತ್ತೆ ಅದೇ ಬಿರುಕು. “ಗೌಂಡಿ ಸಿಮೆಂಟ್ ಕಡಿಮಿ ಹಾಕ್ಯಾನ” ಅಂತ ಕಾಕಾ ಇವತ್ತಿಗೂ ಬೈತಾರೆ. ಪಾಪ, ಸಿಮೆಂಟ್ ಎಷ್ಟು ಹಾಕಿದ್ದರೂ ಇದು ನಿಲ್ಲುತ್ತಿರಲಿಲ್ಲ.

ಎರೆ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ಹೆಚ್ಚು. ಅದರ ಪದರಗಳ ನಡುವೆ ನೀರು ಸೇರಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಮನೆಯ ನಡುಭಾಗದ ಕೆಳಗೆ ತೇವ ಹೆಚ್ಚು ಬದಲಾಗಲ್ಲ, ಅಂಚಿನ ಗೋಡೆಗಳ ಕೆಳಗೆ ಋತುವಿಗೊಮ್ಮೆ ಬದಲಾಗುತ್ತದೆ. ಹಾಗಾಗಿ ಒಂದು ಕಡೆ ಏಳುತ್ತೆ, ಇನ್ನೊಂದು ಕಡೆ ಕೂರುತ್ತೆ, ನಡುವೆ ಗೋಡೆ ಸೀಳುತ್ತೆ. ಒಂದೇ ಅಂತಸ್ತಿನ ಹಗುರ ಮನೆಗಳಿಗೇ ಕಾಟ ಜಾಸ್ತಿ, ಉಬ್ಬುವ ಮಣ್ಣನ್ನು ಅದುಮಿ ಹಿಡಿಯುವಷ್ಟು ಭಾರ ಅವಕ್ಕಿಲ್ಲ.

ಈ ವರ್ಷ ಪಕ್ಕದ ಜಾಗದಲ್ಲಿ ತಮ್ಮ ಮನೆ ಕಟ್ಟಿಸಲು ಹೊರಟ. ಇಬ್ಬರ ಹೆಸರಲ್ಲೂ ಸಾಲ, ಇಪ್ಪತ್ತು ವರ್ಷದ ಕಂತು. “ಪಾಯಾ ಇನ್ನೊಂದ್ ಫೂಟ್ ಇಳಸೂಣ್ರಿ ಸರ್, ಏನೂ ಆಗಂಗಿಲ್ಲ” ಅಂದ ಗೌಂಡಿ. ಮಣ್ಣು ಪರೀಕ್ಷೆ ಆಗದೆ ಗುದ್ದಲಿ ಹಾಕೋದು ಬೇಡ ಅಂತ ನಾನು ಹಟ ಹಿಡಿದೆ. ತಮ್ಮ ನಾಲ್ಕು ದಿನ ಫೋನ್ ಎತ್ತಲಿಲ್ಲ!

ಪರೀಕ್ಷೆ ತೀರಾ ಸರಳ. ಒಣಗಿಸಿ ಜರಡಿ ಹಿಡಿದ ಮಣ್ಣು 10 ಗ್ರಾಂ ನೀರಿಗೆ, 10 ಗ್ರಾಂ ಸೀಮೆಎಣ್ಣೆಗೆ ಹಾಕಿ 24 ಗಂಟೆ ಬಿಡ್ತಾರೆ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬಲ್ಲ, ನೀರಿನಲ್ಲಿ ಉಬ್ಬುತ್ತೆ. ನಮ್ಮದು ಸೀಮೆಎಣ್ಣೆಯಲ್ಲಿ 10 ಮಿಲಿಲೀಟರ್, ನೀರಿನಲ್ಲಿ 18. ಅಂದರೆ ಶೇ. 80ರಷ್ಟು ಉಬ್ಬು. ಶೇ. 50 ದಾಟಿದರೇ ಎಚ್ಚರ ಬೇಕು. ಬೆಂಗಳೂರಿನ ಕೆಂಪು ಮಣ್ಣಿನ ಎಸ್ಟಿಮೇಟ್ ಹಿಡಿದು ಊರಲ್ಲಿ ಮನೆ ಕಟ್ಟಿಸೋರು ಇದನ್ನು ಗಮನಿಸಬೇಕು.

ಎಂಜಿನಿಯರ್ ಸೂಚಿಸಿದ್ದು ಅಂಡರ್‌ರೀಮ್ಡ್ ಪೈಲ್. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಎರೆ ಮಣ್ಣಿಗೆಂದೇ ಬೆಳೆಸಿದ ವಿಧಾನ ಇದು. ಸುಮಾರು ಮೂರೂವರೆ ಮೀಟರ್ ಆಳಕ್ಕೆ ಕೊರೆದು, ತಳದಲ್ಲಿ ಕಂಬದ ಎರಡೂವರೆ ಪಟ್ಟು ಅಗಲದ ಗಡ್ಡೆ ಬರುವಂತೆ ಕಾಂಕ್ರೀಟ್ ತುಂಬ್ತಾರೆ. ಆ ಆಳದಲ್ಲಿ ತೇವ ಅಷ್ಟಾಗಿ ಏರಿಳಿಯಲ್ಲ. ಮೇಲಿನ ಬೀಮ್ ಮತ್ತು ಮಣ್ಣಿನ ನಡುವೆ ಸ್ವಲ್ಪ ಖಾಲಿ ಜಾಗ ಬಿಡಬೇಕು, ಇಲ್ಲದಿದ್ದರೆ ಉಬ್ಬಿದ ಮಣ್ಣು ಬೀಮನ್ನೇ ಎತ್ತುತ್ತದೆ. ಖರ್ಚು ಹೆಚ್ಚಾಯ್ತು, ಮಾಡ್ಯುಲರ್ ಕಿಚನ್ ಸದ್ಯಕ್ಕಿಲ್ಲ.

ಕಾಕಾನ ಹಳೇ ಮನೆಗೆ ಅಷ್ಟೆಲ್ಲ ಆಗಲ್ಲ. ಮಾಳಿಗೆ ನೀರನ್ನು ಪೈಪಿನಲ್ಲಿ ದೂರ ಹರಿಸಿ, ಬಚ್ಚಲ ಸೋರಿಕೆ ನಿಲ್ಲಿಸಿ, ಮನೆ ಸುತ್ತ ಇಳಿಜಾರಾಗಿ ಕಾಂಕ್ರೀಟ್ ಹಾಕಿಸಿದ್ದೇವೆ. ಬಿರುಕಿನ ತುದಿಗಳಲ್ಲಿ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆದಿಟ್ಟಿದ್ದೇನೆ. ಗೋಡೆ ಪಕ್ಕದ ಬೇವಿನ ಮರವನ್ನು ಕಡಿಯಬೇಕೋ ಬೇಡವೋ ಇನ್ನೂ ತೀರ್ಮಾನ ಆಗಿಲ್ಲ. ಬೇರು ನೀರು ಹೀರಿ ನೆಲ ಒಣಗಿಸುತ್ತೆ ನಿಜ, ಆದರೆ ಏಕಾಏಕಿ ಕಡಿದರೆ ತೇವ ಮರಳಿ ಮಣ್ಣು ಉಬ್ಬಬಹುದು. ಅದನ್ನು ಎಂಜಿನಿಯರ್ ಬಂದು ನೋಡಿದ ಮೇಲೆ ನಿರ್ಧರಿಸೋದು.