ಗಿರಾಕಿ ಕೇಳಿದ ಮೇಲೆ ಕೂಡುವ ಯಂತ್ರ

1984ರಲ್ಲಿ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ವಿದ್ಯಾರ್ಥಿಯಾಗಿದ್ದ ಮೈಕೆಲ್ ಡೆಲ್ ಶುರುಮಾಡಿದ ಕಂಪನಿ, ಗಿರಾಕಿ ಕೇಳಿದ ಮೇಲೆಯೇ ಕಂಪ್ಯೂಟರ್ ಜೋಡಿಸಿ ಕೊಟ್ಟು ಹೆಸರಾಯಿತು. ಇದರ ಜಾಣತನ ಲೆಕ್ಕದಲ್ಲಿದೆ. 4 ಬಗೆಯ ಪ್ರೊಸೆಸರ್, 5 ಬಗೆಯ ಮೆಮೊರಿ, 6 ಬಗೆಯ ಡಿಸ್ಕ್, 3 ಬಗೆಯ ಗ್ರಾಫಿಕ್ಸ್ ಕಾರ್ಡ್ ಇವೆ ಎನ್ನಿ. ಕೂಡಿದರೆ 18 ಬಿಡಿಭಾಗ, ಗುಣಿಸಿದರೆ 360 ಬಗೆಯ ಯಂತ್ರ. ಆ 360ನ್ನೂ ಮಾಡಿಟ್ಟು ಕಾಯುವುದಕ್ಕಿಂತ 18ನ್ನು ಕಪಾಟಿನಲ್ಲಿಟ್ಟು ಕಾಯುವುದು ಎಷ್ಟೋ ಹಗುರ, ಅದರಲ್ಲೂ ಇಟ್ಟ ಮಾಲಿನ ಬೆಲೆ ಬೇಗ ಇಳಿಯುವ ಈ ವ್ಯಾಪಾರದಲ್ಲಿ.

ಆದರೆ ಈ ಪದ್ಧತಿಯ ಬೆನ್ನೆಲುಬು ಉತ್ಪಾದನಾ ಆದೇಶ ಎಂಬ ಸಾಧಾರಣ ಚೀಟಿ ಎಂದೇ ನನ್ನ ವಾದ. ಈ ಒಂದು ಯಂತ್ರಕ್ಕೆ ಯಾವ ಭಾಗ, ಎಷ್ಟು, ಯಾವ ಕ್ರಮದಲ್ಲಿ, ಯಾವತ್ತಿನೊಳಗೆ ಎಂಬುದೆಲ್ಲ ಅದರಲ್ಲಿರುತ್ತದೆ. ಮಾರಾಟದ ಆರ್ಡರ್ ಇರುವಾಗ ಇನ್ನೊಂದು ಕಾಗದ ಯಾಕೆ ಎಂದು ಕೇಳಬಹುದು. ಕಪಾಟಿನಲ್ಲಿ 16 ಜಿಬಿ ಮೆಮೊರಿ ಒಂದೇ ಉಳಿದಿದೆ, ಕೇಳಿದವರು ಇಬ್ಬರು ಎನ್ನಿ. ಮಾರಾಟದ ಆರ್ಡರ್ ಇಬ್ಬರಿಗೂ ಮಾತು ಕೊಟ್ಟುಬಿಡುತ್ತದೆ. ಉತ್ಪಾದನಾ ಆದೇಶ ಆ ಒಂದನ್ನು ಮೊದಲನೆಯವರ ಹೆಸರಿಗೆ ಕಾದಿರಿಸುತ್ತದೆ; ಎರಡನೆಯವರಿಗೆ ತಡವಾಗುತ್ತದೆಂಬುದು ಜೋಡಣೆಯ ಮೇಜಿನ ಬಳಿ ಅಲ್ಲ, ಆದೇಶ ಬರೆದ ದಿನವೇ ಗೊತ್ತಾಗುತ್ತದೆ. ದಿನವಿಡೀ ಒಂದೇ ಮಾದರಿ ತಯಾರಿಸುವ ಕಾರ್ಖಾನೆಗೆ ಇಷ್ಟೆಲ್ಲ ಬರವಣಿಗೆ ಹೊರೆಯೇ, ಒಪ್ಪಿದೆ. ಬಿಡಿಭಾಗ ಎಷ್ಟು ತರಿಸಬೇಕೆಂಬುದೂ ಕಡೆಗೆ ಅಂದಾಜೇ. ಚೀಟಿ ಕೊರತೆಯನ್ನು ತೋರಿಸೀತು, ತುಂಬಲಾರದು. ಆದರೂ ಮುಗಿದ ಆದೇಶಗಳನ್ನು ತಿರುವಿ ನೋಡಿದರೆ ಯಾವ ಭಾಗ ಎಷ್ಟು ಖರ್ಚಾಯಿತು ಎಂಬ ದಾಖಲೆ ಸಿಗುತ್ತದೆ, ಮುಂದಿನ ತಿಂಗಳ ಅಂದಾಜು ಅಲ್ಲಿಂದಲೇ ಹುಟ್ಟುತ್ತದೆ.